ಹನ್ನೊಂದನೇ ಮಹಡಿಯ ಕುರಿ ಆಂಟಿ

ಸಿಂಗಾಪುರದಲ್ಲಿ ಕುರಿಮಂದೆ ಇಲ್ಲ. ಮೇಯಿಸಲು ಬಯಲಿಲ್ಲ, ಹೊದೆಯುವಂಥ ಚಳಿ ಸಿನಿಮಾ ಥಿಯೇಟರಿನ ಏಸಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅಂಥ ಊರಿನಲ್ಲಿ, ಹೌಗಾಂಗ್‌ನ ನಮ್ಮ ಬ್ಲಾಕಿನಲ್ಲಿ, ಹನ್ನೊಂದನೇ ಮಹಡಿಯ ಒಬ್ಬ ಹೆಂಗಸನ್ನು ಚೀನೀಯರು, ಮಲಯರು, ತಮಿಳರು ಎಲ್ಲರೂ ‘ಶೀಪ್ ಆಂಟಿ’ ಅಂತಲೇ ಕರೆಯುತ್ತಿದ್ದರು. ನಮ್ಮ ಮನೆಯಲ್ಲಿ ಅದು ಕುರಿ ಆಂಟಿ ಆಯಿತು. ಹೆಸರು ಗೊತ್ತಿದ್ದರೂ ಬ್ಲಾಕಿನಲ್ಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

ಅವರು ತೀರಿಕೊಂಡರು ಎಂದು ಈಚೆಗೆ ತಿಳಿಯಿತು. ತುಂಬು ವಯಸ್ಸು. ಸುದ್ದಿ ಕೇಳಿ ಕಣ್ಣು ಒದ್ದೆಯಾದದ್ದು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಇಂಥವರು ನನಗೆ ಗೊತ್ತಿದ್ದರು, ನಮ್ಮ ಅವ್ವನನ್ನು ತಂಗಿ ಎಂದು ಕರೆದಿದ್ದರು ಎಂಬ ಹೆಮ್ಮೆಯೇ ಮೇಲೆ ಬಂತು. ಆ ಹೆಮ್ಮೆಯಲ್ಲೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಆರಂಭದಲ್ಲಿ ನಾವು ಆ ಬ್ಲಾಕಿಗೆ ಶಿಫ್ಟ್ ಆದೆವು. ನನಗೆ ತಂಜಾಂಗ್ ಪಗಾರ್‌ನ ಒಂದು ಬ್ಯಾಂಕಿನಲ್ಲಿ ಕೆಲಸ, ನನ್ನವರಿಗೆ ಪಾಯಾ ಲೆಬಾರ್‌ನಲ್ಲಿ ಕಂಪ್ಯೂಟರ್ ಕೆಲಸ. ಆ ಕಾಲದ ಬ್ಲಾಕುಗಳಲ್ಲಿ ಲಿಫ್ಟ್ ಎಲ್ಲ ಮಹಡಿಗಳಲ್ಲೂ ನಿಲ್ಲುತ್ತಿರಲಿಲ್ಲ. ನಮ್ಮ ಮನೆ ಹನ್ನೆರಡರಲ್ಲಿ, ಲಿಫ್ಟ್ ನಿಲ್ಲುತ್ತಿದ್ದದ್ದು ಹನ್ನೊಂದರಲ್ಲಿ. ಹಾಗಾಗಿ ದಿನವೂ ಆಂಟಿಯ ಬಾಗಿಲ ಮುಂದೆಯೇ ಹಾದು ಮೆಟ್ಟಿಲು ಹತ್ತಬೇಕು. ಬಾಗಿಲು ಸದಾ ತೆರೆದಿರುತ್ತಿತ್ತು. ಕಾರಿಡಾರಿನಲ್ಲಿ ಕೂರಲು ಬೆತ್ತದ ಒಂದು ಮೋಡಾ, ಅದರ ಮುಂದೆ ಸೈಕಲ್ಲಿನ ಚಕ್ರ ಹಾಕಿ ಮಾಡಿದ ಒಂದು ರಾಟೆ, ಬುಟ್ಟಿ ತುಂಬ ಉಣ್ಣೆ. ಆರಡಿಗೆ ಹತ್ತಿರ ಹತ್ತಿರ ಇದ್ದ, ಬಾಟಿಕ್ ಗೌನು ತೊಟ್ಟ, ಗಂಡಸಿನಂಥ ದೊಡ್ಡ ಕೈಗಳ ಒಬ್ಬ ಬಿಳಿಯ ಮುದುಕಿ ಬರಿಗಾಲಿನಲ್ಲಿ ಕೂತು ನೂಲುತ್ತಿದ್ದರು.

“ಮಿಟಿನ್ ದಾ!” ಎಂದರು ಮೊದಲ ದಿನ.

ನಾನು ಮಲಯ್ ಭಾಷೆ ಇರಬೇಕು ಎಂದುಕೊಂಡು ತಲೆಯಾಡಿಸಿದೆ. ಮರುದಿನ ಲಿಫ್ಟಿನಲ್ಲಿ ಒಬ್ಬ ಚೀನೀ ಅಂಕಲ್ ಅವರಿಗೆ, “ಮಿಟಿನ್ ದಾ, ಆಂಟಿ! ಮಾರ್ಕೆಟ್ ಗೋಯಿಂಗ್ ಆ?” ಎಂದಾಗ ಇದೇನೋ ಬೇರೆ ಎನಿಸಿ ಕೇಳಿದೆ. ಅದು ಕಾರ್ನಿಶ್ ಅಂತೆ. ‘ಶುಭೋದಯ’ ಅಂತ. ಇಂಗ್ಲೆಂಡಿನ ನಕ್ಷೆಯ ಕೆಳಗಿನ ಎಡಮೂಲೆಯಲ್ಲಿ ಸಮುದ್ರಕ್ಕೆ ಕಾಲು ಚಾಚಿದ ಹಾಗೆ ಒಂದು ನಾಡಿದೆಯಲ್ಲ, ಕಾರ್ನ್‌ವಾಲ್, ಅಲ್ಲಿಯ ಹಳೆಯ ಮಾತು.

“ಓ, ಹಾಗಾದ್ರೆ ನೀವು ಇಂಗ್ಲಿಷ್‌ನವರು,” ಎಂದೆ.

“ಅಲ್ಲ,” ಎಂದರು ಆಂಟಿ. ರಾಟೆ ನಿಂತಿತು. “ನಿನ್ನನ್ನ ಯಾರಾದ್ರೂ ತಮಿಳಿನವಳಾ ಅಂದ್ರೆ ಏನು ಹೇಳ್ತೀಯ?”

“ಅಲ್ಲ, ಕನ್ನಡದವಳು ಅಂತೀನಿ.”

“ಹಾಗೇ ನಾನು ಕಾರ್ನಿಶ್‌ನವಳು.” ರಾಟೆ ಮತ್ತೆ ತಿರುಗಿತು. ನಮ್ಮ ಪರಿಚಯ ಆದದ್ದು ಹೀಗೆ.

ಅವರದು ಕುರಿ ಸಾಕುವ ಮನೆ. ಗಂಡ ಸಿಂಗಾಪುರದ ಚೀನೀಯ, ಹಡಗಿನ ಎಂಜಿನಿಯರ್. ಹಡಗು ರಿಪೇರಿಗೆಂದು ಅವರ ಸೀಮೆಯ ಬಂದರಿನಲ್ಲಿ ನಿಂತಿದ್ದಾಗ ಆತ ಸಂತೆಗೆ ಬಂದು, ಟಗರಿನ ಕೊಂಬು ಹಿಡಿದು ಎಳೆಯುತ್ತಿದ್ದ ಈ ಹುಡುಗಿಯನ್ನು ನೋಡಿದನಂತೆ. “ಅವನು ನೋಡಿದ್ದು ಟಗರನ್ನ ಅಂತ ನಾನು ತಿಳಿದುಕೊಂಡಿದ್ದೆ,” ಎಂದು ಆಂಟಿ ನಗುತ್ತಿದ್ದರು. ಮದುವೆಯಾಗಿ ಇಲ್ಲಿಗೆ ಬಂದಾಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಅತ್ತೆಮನೆಯಲ್ಲಿ ಚಾಪ್‌ಸ್ಟಿಕ್ಸ್ ಕಲಿತರು, ಹೊಕ್ಕಿಯನ್ ಭಾಷೆ ಕಲಿತರು, ಸೆಕೆ ಕಲಿತರು. ಉಣ್ಣೆ ಬಿಡಲಿಲ್ಲ. ಊರಿನಲ್ಲಿದ್ದ ತಮ್ಮ ವರ್ಷಕ್ಕೊಮ್ಮೆ, ಕುರಿಗಳ ಮೈಯ ಉಣ್ಣೆ ಕತ್ತರಿಸಿದ ಮೇಲೆ, ಅದನ್ನು ತೊಳೆದು ಪಾರ್ಸೆಲ್ ಕಳಿಸುತ್ತಿದ್ದ. ಸೈಕಲ್ ಚಕ್ರದ ರಾಟೆ, ಸಣ್ಣ ಮರದ ಮಗ್ಗ ಎರಡನ್ನೂ ಗಂಡ ತನ್ನ ಕೈಯಾರೆ ಮಾಡಿಕೊಟ್ಟಿದ್ದ. ನಾವು ಹೋಗುವ ಹೊತ್ತಿಗೆ ಆತ ಇರಲಿಲ್ಲ. ಮಕ್ಕಳಿಲ್ಲ. ಆದರೆ ಒಂಟಿ ಎಂದು ಅವರನ್ನು ಯಾರೂ ಅಂದುಕೊಂಡದ್ದಿಲ್ಲ. ಅಷ್ಟು ಮಾತು, ಅಷ್ಟು ಜಗಳ, ಅಷ್ಟು ಸ್ನೇಹ ಆ ಕಾರಿಡಾರಿನಲ್ಲಿ.

ಅವರಿಗೊಂದು ಅಭ್ಯಾಸವಿತ್ತು. ಯಾರಾದರೂ ಉಣ್ಣೆಬಟ್ಟೆ ತೊಟ್ಟಿದ್ದರೆ ಕೈಕುಲುಕುವ ಮೊದಲು ಬಟ್ಟೆಯ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿ ನೋಡುವುದು. ಒಮ್ಮೆ ಲಿಫ್ಟಿನಲ್ಲಿ ನನ್ನವರ ಸೂಟಿನ ಕಾಲರನ್ನೇ ಹಿಡಿದರು. “ಆಸ್ಟ್ರೇಲಿಯಾದ್ದು. ಬೆಣ್ಣೆ ಹಾಗಿದೆ,” ಎಂದರು. ನನ್ನವರು ಹಿಗ್ಗಿದರು. “ಆದ್ರೆ ಮೆತ್ತಗಿರೋದೆಲ್ಲ ಒಳ್ಳೇದು ಅಂತ ನಿನಗೆ ಯಾರು ಹೇಳಿದ್ದು?” ಎಂದು ಕಾಲರ್ ಬಿಟ್ಟು ಇಳಿದು ಹೋದರು.

ಅವರ ಅಪ್ಪನ ಕುರಿಗಳ ಉಣ್ಣೆ ಮೆತ್ತಗಿರಲಿಲ್ಲ, ಅದೇ ವಿಷಯ. ಕಾರ್ನ್‌ವಾಲಿನ ಹಳೆಯ ಕುರಿಗಳ ಉಣ್ಣೆ ಎಷ್ಟು ಒರಟೆಂದರೆ ಹಿಂದಿನ ವ್ಯಾಪಾರಿಗಳು ಅದನ್ನು ಉಣ್ಣೆ ಎನ್ನದೆ ಕೂದಲು ಎನ್ನುತ್ತಿದ್ದರಂತೆ. ಬಹುತೇಕ ಎಲ್ಲರೂ ಕಾಲಕ್ರಮೇಣ ಮೆತ್ತನೆ ಉಣ್ಣೆಯ ತಳಿಗಳನ್ನು ತಂದು ಬೆರೆಸಿಬಿಟ್ಟರು. ಆಂಟಿಯ ಅಪ್ಪ ಹಠಮಾರಿ. ಗಾಳಿಮಳೆಗೆ ಬೆನ್ನು ಕೊಟ್ಟು ಗುಡ್ಡದ ಮೇಲೆ ನಿಲ್ಲುವ ಕುರಿ ಇದು, ಇದನ್ನು ಕೆಡಿಸುವುದಿಲ್ಲ ಎಂದು ಅದೇ ರಕ್ತದ ಮಂದೆಯನ್ನು ಉಳಿಸಿಕೊಂಡು ಬಂದ. ಆ ಮೇಲೆ ತಮ್ಮ ನೋಡಿಕೊಂಡ. ಹಣೆಯ ಮೇಲೆ ಮುಂಗುರುಳು ಇಳಿಬಿಟ್ಟ ಆ ಕುರಿಗಳ ಫೋಟೋಗಳು ಆಂಟಿಯ ಗೋಡೆಯ ತುಂಬ ಇದ್ದವು. ಪಕ್ಕದಲ್ಲಿ ಕಣ್ಣು ಮುಚ್ಚುವಷ್ಟು ದೊಡ್ಡ ಕಿವಿಯ ಕರಿಹಂದಿ, ಕೆಂಪು ಹಸು. ನಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರ ಫೋಟೋ ಹಾಕುವ ಹಾಗೆ.

ಕಾರ್ನಿಶ್ ಭಾಷೆಯನ್ನು ಅವರು ತಾಯಿಯಿಂದ ಕಲಿತವರಲ್ಲ. ಅದು ಮನೆಮಾತಾಗಿ ಉಳಿಯದೆ ಬಹಳ ಕಾಲವಾಗಿತ್ತು. ಅಜ್ಜಿಯ ಬಾಯಲ್ಲಿ ಕೆಲವು ಚೂರುಗಳಿದ್ದವಂತೆ. ಆಮೇಲೆ ಊರಿನ ಕೆಲವರು ಹಳೆಯ ಬರಹಗಳನ್ನು ಹುಡುಕಿ ಅದನ್ನು ಮತ್ತೆ ಮಾತಾಡತೊಡಗಿದರು. ಆಂಟಿ ಅರವತ್ತು ದಾಟಿದ ಮೇಲೆ, ಹೌಗಾಂಗ್‌ನ ಫ್ಲ್ಯಾಟಿನಲ್ಲಿ ಕೂತು, ಅಂಚೆಯಲ್ಲಿ ಪಾಠ ತರಿಸಿಕೊಂಡು, ಕ್ಯಾಸೆಟ್ ಹಾಕಿಕೊಂಡು ಕಲಿತರು. ರಾಟೆ ತಿರುಗಿಸುತ್ತ ಜೋರಾಗಿ ಹೇಳಿಕೊಳ್ಳುವರು: ಡಾವಸ್ ಅಂದರೆ ಕುರಿ, ಓನ್ ಅಂದರೆ ಮರಿ, ಗ್ಲಾನ್ ಅಂದರೆ ಉಣ್ಣೆ. ನಮ್ಮ ಮಗಳು ಮೆಟ್ಟಿಲು ಹತ್ತುವಾಗ, “ಗ್ಲಾನ್ ಲಾ, ಆಂಟಿ!” ಎಂದು ಕೂಗಿ ಓಡುತ್ತಿದ್ದಳು.

“ಇಲ್ಲಿ ಕನ್ನಡ ಮಾತಾಡೋಕೆ ಜನ ಸಿಗಲ್ಲ ಅಂತ ನಾವು ಗೊಣಗ್ತೀವಿ,” ಎಂದು ನನ್ನವರು ಒಂದು ಸಲ ಹೇಳಿದರು. “ಆಂಟಿಗೆ ಅವರ ಊರಲ್ಲೇ ಹುಡುಕಬೇಕು. ಆದ್ರೂ ಹೋಮ್‌ವರ್ಕ್ ಮಾಡ್ತಾರೆ ನೋಡು.”

ಪ್ರಾಣಿಗಳ ವಿಷಯ ಬಂದರೆ ಆಂಟಿಗೆ ಜಾಗ, ಹೊತ್ತು ಎರಡೂ ನೆನಪಿರುತ್ತಿರಲಿಲ್ಲ. ಸೂಪರ್ ಮಾರ್ಕೆಟ್ಟಿನ ಫ್ರೀಜರಿನಲ್ಲಿ ‘ಕಾರ್ನಿಶ್ ಹೆನ್’ ಎಂದು ಬರೆದ ಸಣ್ಣ ಕೋಳಿಗಳಿರುತ್ತಿದ್ದವು. ಒಂದನ್ನು ಎತ್ತಿ ಹಿಡಿದು, ಜನರೆಲ್ಲ ತಿರುಗಿ ನೋಡುವ ಹಾಗೆ, “ಇದು ಯಾರ ಕೋಳಿ ಗೊತ್ತಾ? ನಿನ್ನದು!” ಎಂದರು ನನಗೆ. ಹಿಂದೆ ಅವರ ಸೀಮೆಯ ಯಾರೋ ಸೈನ್ಯಾಧಿಕಾರಿ ಹಿಂದೂಸ್ತಾನದ ಕಾಳಗದ ಹುಂಜಗಳನ್ನು ತರಿಸಿ ಅಲ್ಲಿಯ ಕೋಳಿಗಳೊಂದಿಗೆ ಬೆರೆಸಿದನಂತೆ. ಅದರಿಂದ ಬಂದ ತಳಿ ಇದು. ಕಾರ್ನ್‌ವಾಲಿನಲ್ಲಿ ಅದನ್ನು ಇಂಡಿಯನ್ ಎನ್ನುತ್ತಾರೆ, ಅಮೆರಿಕಾದವರು ಕಾರ್ನಿಶ್ ಎನ್ನುತ್ತಾರೆ. “ನಿಮ್ಮ ಹುಂಜ, ನಮ್ಮ ಹ್ಯಾಟೆ. ಅಂದ್ರೆ ನಾವು ಬೀಗರು,” ಎಂದು ಅದನ್ನು ಮತ್ತೆ ಫ್ರೀಜರಿಗೆ ಇಟ್ಟರು.

ಇನ್ನೊಂದು ಸಲ ಹಾಕರ್ ಸೆಂಟರಿನಲ್ಲಿ, ಸಣ್ಣ ಸಣ್ಣ ತಿಂಡಿ ಅಂಗಡಿಗಳ ಸಾಲಿನಲ್ಲಿ. ಅಲ್ಲಿ ನೂಡಲ್ಸ್ ಮಾರುವ ಅಂಕಲ್‌ನ ಮನೆಯವರು ಹಿಂದೆ ಪೊಂಗೋಲ್‌ನಲ್ಲಿ ಹಂದಿ ಸಾಕುತ್ತಿದ್ದರು. ಸರ್ಕಾರ ಫಾರ್ಮ್‌ಗಳನ್ನೆಲ್ಲ ತೆಗೆಸಿದ ಮೇಲೆ ಅಂಗಡಿಗೆ ಬಂದವರು. ಅದರ ಪಕ್ಕದ ಸೆಂಗ್‌ಕಾಂಗ್ ಕಡೆ ಆಗ ಹೊಸ ಬ್ಲಾಕು ಕಟ್ಟುವ ಕ್ರೇನುಗಳು, ಬರೀ ಕೆಂಪು ಮಣ್ಣು. ಆಂಟಿ ತಮ್ಮ ಕರಿಹಂದಿಯ ಫೋಟೋ ಒಯ್ದು ಅಂಕಲ್‌ಗೆ ತೋರಿಸಿದರು. ಆತ ಕೈ ಒರೆಸಿಕೊಂಡು, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. “ಕಿವಿ ಹೀಗಿದ್ರೆ ಗುಣ ಸಾಧು,” ಎಂದ. “ಹೌದು, ಕಣ್ಣು ಕಾಣಲ್ಲ ಅಲ್ವಾ, ಹೇಳಿದ ಮಾತು ಕೇಳ್ತದೆ,” ಎಂದರು ಆಂಟಿ. ಅಂಗಡಿಯ ಮುಂದೆ ಕ್ಯೂ ಬೆಳೆಯಿತು. ಇಬ್ಬರೂ ಹಂದಿಗೆ ಏನು ತಿನ್ನಿಸಬೇಕೆಂದು ವಾದಿಸುತ್ತ ನಿಂತರು. ಅವತ್ತಿನಿಂದ ಆತ ಆಂಟಿಯ ಬಟ್ಟಲಿಗೆ ಒಂದು ಸೌಟು ಹೆಚ್ಚಿಗೆ ಹಾಕುತ್ತಿದ್ದ.

ದಶಕದ ನಡುವೆ ನಮ್ಮ ಅವ್ವ ಚಳ್ಳಕೆರೆ ಕಡೆಯ ಹಳ್ಳಿಯಿಂದ ಮೊಮ್ಮಗಳ ಜೊತೆ ಇರಲು ಬಂದಳು. ಆಮೇಲೂ ಪ್ರತಿವರ್ಷ ಕೆಲವು ತಿಂಗಳು ಬಂದಿರುತ್ತಿದ್ದಳು. ನಮ್ಮದು ಕಂಬಳಿ ನೇಯುವ ಮನೆತನ. ನನ್ನ ತಾತ ನೆಲದಲ್ಲಿ ಗುಣಿ ತೋಡಿ ಹೂಡಿದ ಮಗ್ಗದಲ್ಲಿ ಕೂತು ನೇಯುತ್ತಿದ್ದ. ಅವ್ವ ಬಾಲ್ಯದಿಂದ ಕರಿಕುರಿಯ ಉಣ್ಣೆ ನೂಲಿದವಳು. ಮೊದಲ ದಿನ ಏರ್‌ಪೋರ್ಟಿನಿಂದ ಬಂದು ಲಿಫ್ಟಿನಿಂದ ಇಳಿದವಳೇ ಆ ಬಾಗಿಲ ಮುಂದೆ ನಿಂತುಬಿಟ್ಟಳು. ಬ್ಯಾಗು ನೆಲಕ್ಕಿಟ್ಟು, ಯಾರನ್ನೂ ಕೇಳದೆ ಬುಟ್ಟಿಯಿಂದ ಒಂದು ಹಿಡಿ ಉಣ್ಣೆ ತೆಗೆದು ಮೂಗಿಗೆ ಹಿಡಿದಳು.

“ಸೋಪಾಕಿ ತೊಳ್ದವ್ರೆ. ವಾಸ್ನೆ ಎಲ್ಲಾ ಹೋಗೈತೆ,” ಎಂದಳು.

“ಏನಂತಾರೆ?” ಎಂದರು ಆಂಟಿ. ನಾನು ಹಿಂಜರಿಯುತ್ತಲೇ ಹೇಳಿದೆ.

ಆಂಟಿಯ ಮುಖ ಅರಳಿತು. “ನನ್ನ ತಮ್ಮನಿಗೆ ನಾನೂ ಅದನ್ನೇ ಹೇಳೋದು! ಕುರಿ ವಾಸನೆ ಇದ್ರೆ ಪೋಸ್ಟ್‌ನಲ್ಲಿ ಬಿಡಲ್ಲ ಅಂತಾನೆ.” ಎದ್ದು ಮೋಡಾ ಬಿಟ್ಟುಕೊಟ್ಟರು. ಅವ್ವ ಕೂತಳು. ಸೈಕಲ್ ಚಕ್ರ ನೋಡಿ ನಕ್ಕಳು. ಎರಡು ಸಲ ನೂಲು ಕಡಿಯಿತು, ಮೂರನೆಯ ಸಲ ಹಿಡಿತ ಸಿಕ್ಕಿತು. ನಾನು ಬ್ಯಾಗು ಹೊತ್ತು ಮೇಲೆ ಹೋಗಿ ಅನ್ನಕ್ಕಿಟ್ಟು ಬಂದರೂ ಅವ್ವ ಏಳಲಿಲ್ಲ.

ಅವರಿಬ್ಬರಿಗೂ ಒಂದು ಸಮಾನ ಭಾಷೆ ಇರಲಿಲ್ಲ. ಅವ್ವ ಕನ್ನಡದಲ್ಲೇ ಮಾತಾಡುತ್ತಿದ್ದಳು, ಆಂಟಿ ಇಂಗ್ಲಿಷಿನಲ್ಲೇ. ಸಾಕಾಗದ ಕಡೆ ಕೈ, ಅದೂ ಸಾಲದಿದ್ದರೆ ನಾನು. ಅವ್ವ ಅವರನ್ನು ‘ಅಕ್ಕಾ’ ಎಂದಳು. ಅದರ ಅರ್ಥ ಕೇಳಿ ತಿಳಿದ ಮೇಲೆ ಆಂಟಿ, “ಹಾಗಾದ್ರೆ ಚಿಕ್ಕವಳಿಗೆ ಏನನ್ನಬೇಕು?” ಎಂದರು. ಅಂದಿನಿಂದ ‘ಟಂಗಿ’. ಆ ‘ತ’ ಅವರಿಗೆ ಕೊನೆಯವರೆಗೂ ಬರಲಿಲ್ಲ.

ಎಲ್ಲ ಹೀಗೇ ನಡೆದಿರುವಾಗ ಆಂಟಿಗೆ ಊರಿನಿಂದ ತಮ್ಮನ ಫೋನ್ ಬಂತು. ಮಂಡಿ ನೋವು, ಗುಡ್ಡ ಹತ್ತಲಾಗುವುದಿಲ್ಲ, ಮಂದೆಯನ್ನು ಮಾರುತ್ತೇನೆ ಎಂದ. ಯಾರಿಗೆ ಎಂದು ಆಂಟಿ ಕೇಳಿದರು. ಸಾಕುವವರು ಯಾರೂ ಬರಲಿಲ್ಲ, ಮಾಂಸಕ್ಕೆ ಕೊಳ್ಳುವವನು ಬಂದಿದ್ದಾನೆ ಎಂದ. ಈ ಉಣ್ಣೆಗೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ, ಒಲೆಗೆ ಹಾಕುತ್ತಿದ್ದೇನೆ, ನಿನಗೆ ಕಳಿಸುವ ಪಾರ್ಸೆಲ್ ಬಿಟ್ಟರೆ ಇದನ್ನು ಕೇಳುವ ಮನುಷ್ಯರೇ ಇಲ್ಲ ಎಂದ.

ಆಂಟಿ ಮರುದಿನ ಕಾರಿಡಾರಿಗೆ ಬರಲಿಲ್ಲ. ಅದರ ಮರುದಿನ ಬಂದರು. ರಾಟೆಯ ಮುಂದೆ ಕೂತು, “ನಾನು ಹೋಗ್ತೀನಿ. ಬರೋ ವಸಂತದ ತನಕ ತಡಿ, ಮಂದೆ ನಾನು ನೋಡ್ಕೋತೀನಿ ಅಂದೆ,” ಎಂದರು.

ಅವರಿಗಾಗ ಅರವತ್ತೇಳು. ಗಂಡನ ತಂಗಿ, ಪಕ್ಕದ ಬ್ಲಾಕಿನಲ್ಲಿದ್ದ ಚೀನೀ ಹೆಂಗಸು, ಸುದ್ದಿ ಕೇಳಿ ಏದುಸಿರು ಬಿಡುತ್ತ ಬಂದಳು. “ಯು ಕ್ರೇಜಿ ಆ? ಸಿಕ್ಸ್ಟಿ ಸೆವೆನ್ ಆಲ್ರೆಡಿ! ಇಲ್ಲಿ ಲಿಫ್ಟ್ ಇದೆ, ಪಾಲಿಕ್ಲಿನಿಕ್ ಇದೆ, ನಾನಿದ್ದೀನಿ. ಅಲ್ಲಿ ಏನಿದೆ?”

“ಕುರಿ ಇವೆ,” ಎಂದರು ಆಂಟಿ.

“ಕುರಿ ನಿನಗೆ ಹುಷಾರಿಲ್ಲದಾಗ ಗಂಜಿ ಕಾಸಿಕೊಡ್ತದಾ?”

ನಾದಿನಿ ಅತ್ತಳು. ಆಂಟಿ ಅವಳ ಕೈ ಹಿಡಿದು ಕೂತರು. ಹೊರಡುವ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆಕೆ ಹೋದ ಮೇಲೆ ನನಗೆ ಹೇಳಿದರು, “ಅವಳು ಕೇಳಿದ್ದು ತಪ್ಪಲ್ಲ. ನನ್ನ ಭಯ ಗಂಜಿಯದಲ್ಲ. ನಾನು ಹೋಗಿ ಸಾಕ್ತೀನಿ, ಸರಿ. ನಾನು ಸತ್ತ ಮೇಲೆ? ಆ ಉಣ್ಣೆಯಿಂದ ಏನಾದ್ರೂ ಉಪಯೋಗ ಇದ್ರೆ ತಾನೇ ಇನ್ನೊಬ್ರು ಸಾಕೋದು? ಸ್ವೆಟರ್ ಮಾಡಿದ್ರೆ ಮೈ ಕೆರೀತದೆ. ಕಾರ್ಪೆಟ್‌ಗೂ ಯಾರೂ ತಗೊಳ್ಳಲ್ಲ.”

ಅವ್ವ ಪಕ್ಕದಲ್ಲೇ ಕೂತು ಕದಿರಿಗೆ ನೂಲು ಸುತ್ತುತ್ತಿದ್ದಳು. “ಏನಂತೆ ಅಕ್ಕಂದು?” ಎಂದಳು. ಹೇಳಿದೆ.

“ಒರಟು ಉಣ್ಣೆ ಯಾಕೆ ಬ್ಯಾಡಂತೆ ಜನಕ್ಕೆ?” ಅವ್ವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. “ಕಂಬ್ಳಿಗೆ ಮೆತ್ನೆದು ಆಗಾಕಿಲ್ಲ ಕಣೆ. ನೀರು ಕುಡೀತೈತೆ. ಒರಟೇ ಬೇಕು. ಮಳೇಲಿ ನಿಂತ್ರೆ ನೀರು ಮ್ಯಾಲಿಂದ ಜಾರ್ಕಂಡು ಹೋಗ್ಬೇಕು. ಅಕ್ಕನ ಊರಾಗೆ ಮಳೆ ಬರಾಕಿಲ್ವಾ?”

ನಾನು ಅನುವಾದ ಮಾಡಿದೆ. ಆಂಟಿ ನಕ್ಕರು. “ನಮ್ಮೂರಲ್ಲಿ ಮಳೆ ಬಿಟ್ಟರೆ ಇನ್ನೇನಿದೆ?” ನಕ್ಕವರು ತಟ್ಟನೆ ನನ್ನ ಕಡೆ ತಿರುಗಿದರು. “ಅವಳನ್ನ ಕೇಳು, ಹೇಗೆ ಮಾಡ್ತಾರೆ ಅಂತ. ಎಲ್ಲಾ ಕೇಳು.”

ಹೀಗೆ ಹೌಗಾಂಗ್‌ನಲ್ಲಿ ಕಂಬಳಿ ಕೆಲಸ ಶುರುವಾಯಿತು. ತಮ್ಮನಿಂದ ಉಣ್ಣೆ ತರಿಸಿದರು, ಈ ಸಲ ಸೋಪು ಹಾಕದೆ ಬರೀ ನೀರಿನಲ್ಲಿ ಜಾಲಿಸಿದ್ದು. ಇಬ್ಬರೂ ವಾರಗಟ್ಟಲೆ ಬಿಗಿಯಾಗಿ ಹುರಿ ಹಾಕಿ ನೂತರು. ಆಮೇಲೆ ನೂಲಿಗೆ ಗಂಜಿ ಕುಡಿಸಬೇಕು. ನಮ್ಮ ಕಡೆ ಅದಕ್ಕೆ ಹುಣಸೆಬೀಜ ಹುರಿದು, ನೆನೆಸಿ, ರುಬ್ಬಿ ಕಾಸಿದ ಗಂಜಿ. ಬೀಜ ಸಮೇತ ಇರುವ ಹುಣಸೆಹಣ್ಣು ಹುಡುಕಲು ನಾನೂ ಆಂಟಿಯೂ ಸೆರಂಗೂನ್ ರೋಡಿನ ಅಂಗಡಿಗಳನ್ನೆಲ್ಲ ಸುತ್ತಿದೆವು. ಹಣ್ಣು ಬೇಡ, ಬೀಜ ಬೇಕು ಎಂದರೆ ಅಂಗಡಿಯವರು ನಮ್ಮನ್ನು ಒಂಥರಾ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಆ ತಿಂಗಳು ದಿನವೂ ಹುಳಿ, ಗೊಜ್ಜು.

ಹಾಸನ್ನು, ಅಂದರೆ ಮಗ್ಗಕ್ಕೆ ಹೂಡುವ ಉದ್ದನೆಯ ಎಳೆಗಳನ್ನು, ಎಳೆದು ಕಟ್ಟಿ ಗಂಜಿ ಬಳಿಯಬೇಕು. ಫ್ಲ್ಯಾಟಿನಲ್ಲಿ ಅಷ್ಟು ಉದ್ದ ಜಾಗವೆಲ್ಲಿ? ಕೆಳಗೆ ವಾಯ್ಡ್ ಡೆಕ್ ಇತ್ತಲ್ಲ, ಬ್ಲಾಕಿನ ಬುಡದ ಖಾಲಿ ಹಜಾರ; ಮದುವೆ, ಸಾವಿನ ಕಾರ್ಯ ಎಲ್ಲ ಅಲ್ಲೇ ನಡೆಯುವುದು. ಒಂದು ಭಾನುವಾರ ಬೆಳಿಗ್ಗೆ ಎರಡು ಕಂಬಗಳ ನಡುವೆ ಹಾಸು ಕಟ್ಟಿದೆವು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಕೆಟ್ಟಿನಿಂದ ಗಂಜಿ ತೆಗೆದು ಬ್ರಷ್ಷಿನಲ್ಲಿ ಬಳಿಯುತ್ತ ಈ ತುದಿಯಿಂದ ಆ ತುದಿಗೆ ನಡೆದಳು. ಆಂಟಿ ಹಿಂದೆಯೇ ಎಳೆ ಬಿಡಿಸುತ್ತ ನಡೆದರು. ಗಂಜಿಯ ಹುಳಿವಾಸನೆ, ಒದ್ದೆ ಉಣ್ಣೆಯ ವಾಸನೆ. ಬ್ಲಾಕಿನವರೆಲ್ಲ ಸುತ್ತ ನಿಂತರು.

ಅಷ್ಟರಲ್ಲಿ ಕಟ್ಟಡಗಳ ಉಸ್ತುವಾರಿ ನೋಡುವ ಒಬ್ಬ ಯುವ ಅಧಿಕಾರಿ ಬಂದ. ವಾಯ್ಡ್ ಡೆಕ್ ಬಳಸಲು ಪರ್ಮಿಟ್ ಬೇಕು.

“ಮದುವೇನಾ?” ಎಂದು ಕೇಳಿದ.

“ಅಲ್ಲ,” ಎಂದರು ಆಂಟಿ.

ಆತ ದನಿ ತಗ್ಗಿಸಿದ. “ಹಾಗಾದ್ರೆ ಯಾರಾದ್ರೂ ತೀರ್ಕೊಂಡ್ರಾ?”

“ಅದೂ ಅಲ್ಲ. ಕಂಬಳಿ.”

“ಬ್ಲ್ಯಾಂಕೆಟ್ ಆ? ಸಿಂಗಾಪುರದಲ್ಲಿ?”

ಜನ ಗೊಳ್ಳೆಂದು ನಕ್ಕರು. ಆತನೂ ನಕ್ಕ. ಆಂಟಿ ನಗಲಿಲ್ಲ. ಅಪ್ಪನ ಮಂದೆಯ ವಿಷಯ, ಮಾಂಸದ ವ್ಯಾಪಾರಿಯ ವಿಷಯ, ತಾವು ಹೊರಟಿರುವ ವಿಷಯ ಎಲ್ಲವನ್ನೂ ಎದುರು ನಿಂತು ಹೇಳಿದರು. ಇಂಗ್ಲಿಷಿನಲ್ಲಿ ಶುರುವಾದದ್ದು ಹೊಕ್ಕಿಯನ್‌ಗೆ ತಿರುಗಿತು. ಆತ ತಲೆ ತಗ್ಗಿಸಿ ಕೇಳಿದ. ಗಡಿಯಾರ ನೋಡಿಕೊಂಡ. “ಸಂಜೆ ಒಳಗೆ ಒಣಗ್ತದಾ?” ಎಂದ. ಒಣಗುತ್ತದೆ ಎಂದು ಅವ್ವನ ಪರವಾಗಿ ನಾನು ಹೇಳಿದೆ. ಅಷ್ಟರಲ್ಲಿ ಆ ತುದಿಯ ಗಂಟು ಸಡಿಲವಾಗಿ ಹಾಸು ಜಗ್ಗಿತು. ಹತ್ತಿರವಿದ್ದವನು ಅವನೇ. ಓಡಿ ಹೋಗಿ ಹಿಡಿದುಕೊಂಡ. “ಬಿಡ್ಬ್ಯಾಡ ಕಣಪ್ಪಾ, ಬಿಡ್ಬ್ಯಾಡ!” ಎಂದು ಅವ್ವ ಕನ್ನಡದಲ್ಲಿ ಕೂಗಿದಳು. ಗಂಜಿ ಶರ್ಟಿನ ಮೇಲೆ ತೊಟ್ಟಿಕ್ಕುತ್ತಿದ್ದರೂ ಆತ ಬಿಡಲಿಲ್ಲ.

ಇನ್ನು ನೇಯುವುದು. ಆಂಟಿಯ ಮಗ್ಗ ಚಿಕ್ಕದು. ಎರಡು ಪಟ್ಟಿ ನೇಯ್ದು ಹೊಲಿಯಬೇಕು ಎಂದಾಯಿತು. ಮೊದಲು ನೀನು ತೋರಿಸು ಎಂದು ಆಂಟಿ ಅವ್ವನನ್ನು ಕೂರಿಸಲು ಹೋದರು. ಅವ್ವ ಹಿಂದೆ ಸರಿದಳು.

“ನಾನು ನೇಯ್ದಿಲ್ಲ ಅಂತ ಹೇಳೆ. ನಮ್ಮನೇಲಿ ಹೆಂಗಸ್ರು ನೂಲೋದು, ಗಂಜಿ ಹಾಕೋದು. ಮಗ್ಗದಾಗೆ ಕೂರಂಗಿರ್ಲಿಲ್ಲ. ನಮ್ಮಪ್ಪ ನೇಯಾದ್ನ ಬಾಗ್ಲಾಗೆ ನಿಂತು ನೋಡಿವ್ನಿ ಅಷ್ಟೆ.”

ಆಂಟಿ ಕೇಳಿಸಿಕೊಂಡರು. “ಇಲ್ಲಿ ಅವಳಪ್ಪ ಇಲ್ಲ, ನಮ್ಮಪ್ಪನೂ ಇಲ್ಲ. ನಾವಿಬ್ರೇ. ಬಾ, ಟಂಗಿ.” ಭುಜ ಹಿಡಿದು ಕೂರಿಸಿದರು. ಅವ್ವ ಬಹಳ ಹೊತ್ತು ಕೈ ಮಡಿಲಲ್ಲಿಟ್ಟು ಕೂತಿದ್ದಳು. ಆಮೇಲೆ ಮಗ್ಗಕ್ಕೆ ಕೈಮುಗಿದು ಲಾಳಿ ಎತ್ತಿಕೊಂಡಳು. ಎಷ್ಟು ವರ್ಷ ಬಾಗಿಲಲ್ಲಿ ನಿಂತು ನೋಡಿದ್ದಳೋ, ಕೈಗೆ ಎಲ್ಲ ಗೊತ್ತಿತ್ತು. ಆಂಟಿ ಪಕ್ಕದಲ್ಲಿ ನಿಂತು ಕಲಿತರು. ಆಮೇಲೆ ಇಬ್ಬರೂ ಸರದಿಯಲ್ಲಿ ನೇಯ್ದರು. ಅವ್ವ ಸಡಿಲ ಬಿಟ್ಟರೆ ಆಂಟಿ ಬೈಯುತ್ತಿದ್ದರು, ಆಂಟಿ ಅಂಚು ಸೊಟ್ಟ ಮಾಡಿದರೆ ಅವ್ವ ಬಿಚ್ಚಿಸುತ್ತಿದ್ದಳು.

ಕಂಬಳಿ ಮುಗಿದು ಕೆಲವು ದಿನ ಮಳೆಗೆ ಕಾದೆವು. ಡಿಸೆಂಬರಿನ ಒಂದು ಮಧ್ಯಾಹ್ನ ಕಾರ್ ಪಾರ್ಕ್ ಕಾಣದಷ್ಟು ಜೋರಾಗಿ ಬಂತು. ಎಲ್ಲರೂ ವಾಯ್ಡ್ ಡೆಕ್ಕಿಗೆ ಇಳಿದೆವು. ಅವ್ವ ಕಂಬಳಿಯ ಒಂದು ಮೂಲೆ ಮಡಿಸಿ, ಆಂಟಿಯ ತಲೆಯ ಮೇಲೆ ಕೊಪ್ಪೆ ಹಾಕಿ, ಬೆನ್ನ ಮೇಲೆ ಇಳಿಬಿಟ್ಟಳು. ಕುರಿ ಕಾಯುವವರು ನಮ್ಮಲ್ಲಿ ಹಾಕಿಕೊಳ್ಳುವ ಹಾಗೆ. ಆಂಟಿಯ ಎತ್ತರಕ್ಕೆ ಅದು ಮೊಣಕಾಲವರೆಗೆ ಬಂತು.

“ಹೋಗಕ್ಕಾ,” ಎಂದಳು ಅವ್ವ.

ಆಂಟಿ ಮಳೆಗೆ ಇಳಿದರು. ಓಡಲಿಲ್ಲ. ಕಾರ್ ಪಾರ್ಕಿನ ಆ ತುದಿಯವರೆಗೆ ನಿಧಾನವಾಗಿ ನಡೆದು, ಮಳೆಗೆ ಬೆನ್ನು ಕೊಟ್ಟು ನಿಂತರು. ಮೇಲಿನ ಮಹಡಿಗಳ ಕಾರಿಡಾರುಗಳಿಂದ ಜನ ಬಗ್ಗಿ ನೋಡುತ್ತಿದ್ದರು. ತಿರುಗಿ ಬಂದಾಗ ಕಾಲು ಪೂರ್ತಿ ಒದ್ದೆ, ಮುಖ ಒದ್ದೆ. ನಾದಿನಿ ಮುಂದೆ ಹೋಗಿ ಕೊಪ್ಪೆ ಸರಿಸಿ ಕೂದಲು ಮುಟ್ಟಿ ನೋಡಿದಳು. ಬೆನ್ನು ಮುಟ್ಟಿ ನೋಡಿದಳು. “ಡ್ರೈ,” ಎಂದಳು. ಮತ್ತೊಮ್ಮೆ ಮುಟ್ಟಿ, ಸುತ್ತ ನಿಂತವರಿಗೆಲ್ಲ ಚೀನೀ ಭಾಷೆಯಲ್ಲಿ ಕೂಗಿ ಹೇಳಿದಳು. ಮೇಲಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಬ್ಲಾಕಿಗೆ ಬ್ಲಾಕೇ ತಟ್ಟಿತು. ಅವ್ವ ಏನು ಮಾಡಬೇಕೆಂದು ತೋಚದೆ ಕಂಬಳಿಯನ್ನು ಕಿತ್ತುಕೊಂಡು ನೀರು ಕೊಡವತೊಡಗಿದಳು. ನನಗೆ ಆ ಹೊತ್ತು ನನ್ನ ತಾತನ ಮಗ್ಗ, ಚಳ್ಳಕೆರೆಯ ಬಿಸಿಲು, ಕರಿಕುರಿ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಬ್ಯಾಂಕಿನಲ್ಲಿ ಸಿಕ್ಕ ಯಾವ ಪ್ರಮೋಷನ್ನಿಗೂ ನನ್ನ ತಲೆ ಅಷ್ಟು ಎತ್ತರಕ್ಕೆ ಏರಿರಲಿಲ್ಲ.

ಮುಂದಿನ ವಸಂತಕ್ಕೆ ಮೊದಲೇ ಆಂಟಿ ಹೊರಟರು. ಗಂಡ ಮಾಡಿಕೊಟ್ಟ ಮಗ್ಗವನ್ನು ಬಿಚ್ಚಿ ಪ್ಯಾಕ್ ಮಾಡಿಸಿದರು. ಹುಣಸೆಬೀಜದ ದೊಡ್ಡ ಗಂಟನ್ನು ಅವ್ವ ಕಟ್ಟಿಕೊಟ್ಟಳು. ನಾದಿನಿ ಏರ್‌ಪೋರ್ಟಿನಲ್ಲಿ ಮತ್ತೆ ಅತ್ತಳು. ಮುಂದಿನ ವರ್ಷ ತಾನೇ ಹೋಗಿ ಎರಡು ತಿಂಗಳು ಇದ್ದು ಗಂಜಿ ಕಾಸಿಕೊಟ್ಟು ಬಂದಳು.

ಅಲ್ಲಿ ಎಲ್ಲ ಸಲೀಸಾಗಿ ನಡೆಯಲಿಲ್ಲ. ಮೊದಲ ಚಳಿಗಾಲದಲ್ಲಿ ಆಂಟಿ ಜಾರಿಬಿದ್ದು ಕೈ ಮುರಿದುಕೊಂಡರು. ಅವರ ತಮ್ಮ ನನಗೆ ಫೋನ್ ಮಾಡಿ, “ನಿಮ್ಮ ತಾಯಿ ಇವಳ ತಲೆಗೆ ಏನು ತುಂಬಿದರು?” ಎಂದ. ಕುರಿಗಳಲ್ಲಿ ಕೆಲವು ಕಾಯಿಲೆಯಿಂದ ಹೋದವು. ಆದರೆ ಮರಿಗಳೂ ಹುಟ್ಟಿದವು. ಕೈಗೆ ಪಟ್ಟಿ ಕಟ್ಟಿಕೊಂಡೇ ಆಂಟಿ ಸುತ್ತಲಿನ ಹೆಂಗಸರನ್ನು ಕರೆದು ನೂಲುವುದು, ಗಂಜಿ ಹಾಕುವುದು ಕಲಿಸಿದರು. ಗುಡ್ಡದಲ್ಲಿ ನಡೆಯುವವರು, ಕುದುರೆ ಸಾಕುವವರು, ಮೀನುಗಾರರು ಕಂಬಳಿ ಕೇಳಿಕೊಂಡು ಬರತೊಡಗಿದರು. ಯುವ ರೈತ ದಂಪತಿ ಒಂದಷ್ಟು ಮರಿಗಳನ್ನು ಸಾಕುತ್ತೇವೆ ಎಂದು ಒಯ್ದರು. ಆಮೇಲೆ ಇನ್ನೊಬ್ಬರು. ತಮ್ಮ ಉಣ್ಣೆಯನ್ನು ಒಲೆಗೆ ಹಾಕುವುದನ್ನು ಬಿಟ್ಟ.

ದಶಕದ ಕೊನೆಯ ಬೇಸಿಗೆಯಲ್ಲಿ ನಾವು ಅಲ್ಲಿಗೆ ಹೋದೆವು. ನಾವು ಹೋದಾಗ ಹತ್ತಿರದ ಊರಿನಲ್ಲಿ ರೈತರ ವಾರ್ಷಿಕ ಪ್ರದರ್ಶನ. ಆಂಟಿ ತಮ್ಮ ಟಗರನ್ನು ಸ್ಪರ್ಧೆಗೆ ತಂದಿದ್ದರು. ಎಪ್ಪತ್ತರ ಹತ್ತಿರದ ಹೆಂಗಸು, ರಬ್ಬರ್ ಬೂಟು ಹಾಕಿ, ಕೊಂಬು ಹಿಡಿದು ಅಂಗಳಕ್ಕೆ ಬಂದರು. ನಯವಾಗಿ ತೊಳೆದ, ಬೆಣ್ಣೆಯಂಥ ಉಣ್ಣೆಯ ದೊಡ್ಡ ದೊಡ್ಡ ಟಗರುಗಳ ನಡುವೆ ಅವರದು ಕುಳ್ಳಗೆ, ಮುಂಗುರುಳು ಕಣ್ಣಿಗೆ ಬಿದ್ದು, ಎಲ್ಲರನ್ನೂ ದುರುಗುಟ್ಟಿ ನೋಡುತ್ತಿತ್ತು. ತೀರ್ಪುಗಾರ ಉಣ್ಣೆಯೊಳಗೆ ಬೆರಳಿಟ್ಟು ನೋಡಿ ಮುಂದೆ ಹೋದ. ಮೈಕಿನವನು ಒಬ್ಬೊಬ್ಬರ ತಳಿಯ ಹೆಸರು ಹೇಳುತ್ತ ಬಂದವನು ಆಂಟಿಯ ಮುಂದೆ ತಡವರಿಸಿದ. “ಇದು ಯಾವ ಕುರಿ, ಮೇಡಂ?”

ಆಂಟಿ ಮೈಕನ್ನು ತಮ್ಮ ಕಡೆ ಎಳೆದುಕೊಂಡರು. “ಡೇವೆಸ್ ಓ ಥಾಸ್,” ಎಂದರು. ಅದರ ಅರ್ಥ ನನಗೆ ಗೊತ್ತಿತ್ತು: ನಮ್ಮಪ್ಪನ ಕುರಿಗಳು. ಅಲ್ಲಿದ್ದವರಲ್ಲಿ ಹೆಚ್ಚಿನವರಿಗೆ ಗೊತ್ತಾಗಲಿಲ್ಲ. ಹಿಂದಿನ ಸಾಲಿನಿಂದ ಯಾರೋ ಒಬ್ಬರು ಮಾತ್ರ ಅದೇ ಭಾಷೆಯಲ್ಲಿ ಏನೋ ಕೂಗಿದರು. ಆಂಟಿ ಆ ಕಡೆಗೆ ಕೈ ಎತ್ತಿದರು.

ಬಹುಮಾನ ಬರಲಿಲ್ಲ. ಮೂರರಲ್ಲಿ ಒಂದೂ ಇಲ್ಲ. ಆಂಟಿ ಅದನ್ನು ಲೆಕ್ಕಕ್ಕೇ ಇಡದೆ ಟಗರನ್ನು ಗಾಡಿಗೆ ಹತ್ತಿಸಿ, ಗೇಟಿನ ಬಳಿ ಮರಿ ಕೇಳಲು ಬಂದ ಒಬ್ಬ ಹೆಂಗಸಿನ ಜೊತೆ ಮಾತಿಗೆ ನಿಂತರು. ನಾನು ಅಲ್ಲಿಯ ಒಂದು ಬೂತಿನಿಂದ ಊರಿಗೆ ಫೋನ್ ಮಾಡಿದೆ. ಫೋನ್ ಇದ್ದದ್ದು ಅವ್ವನ ಪಕ್ಕದ ಮನೆಯಲ್ಲಿ, ಅವರು ಹೋಗಿ ಅವಳನ್ನು ಕರೆಯಬೇಕು. ಬಂದಳು.

“ಅಕ್ಕ ಗೆದ್ಲಾ?” ಎಂದಳು ಮೊದಲೇ.

“ಇಲ್ಲ ಕಣವ್ವ, ಗೆಲ್ಲಲಿಲ್ಲ.”

“ಈಗ ಕುರಿ ಎಷ್ಟು ಮನೇಲವೆ?”

“ಮೂರು ಮನೆಯಲ್ಲಿ. ಇನ್ನೊಬ್ಬರು ಈಗ ಕೇಳ್ತಾ ನಿಂತವ್ರೆ.”

“ಮತ್ತೆ ಗೆಲ್ಲಲಿಲ್ಲ ಅಂತೀಯಲ್ಲೇ,” ಎಂದು ಬೈದು, ಅವ್ವ ಫೋನ್ ಇಟ್ಟಳು.